ನಿಮಿಷಕ್ಕೊಂದು ಪೆಟ್ಟು

ಹೋದ ಬೇಸಿಗೆ ರಜೆಯಲ್ಲಿ ನನಗೊಬ್ಬ ಮಾಸ್ತರ ಸಿಕ್ಕ. ವಯಸ್ಸು ಇಪ್ಪತ್ತಾರು. ಎಂಟನೇ ತರಗತಿಯಲ್ಲಿ ನಾನು ಶಬ್ದದ ಪಾಠ ಹೇಳುತ್ತಿದ್ದರೆ ಹಿಂದೆ ಕೂತು ಬೆರಳಿನಿಂದ ಬೆಂಚು ಬಡಿಯುತ್ತಿದ್ದವನು. ಅದಕ್ಕಾಗಿ ಅವನನ್ನು ಎಷ್ಟೋ ದಿನ ಹೊರಗೆ ನಿಲ್ಲಿಸಿದ್ದೇನೆ. ಈಗ ಬೆಂಗಳೂರಿನಲ್ಲಿ ಡಿಜೆ. ಸಿದ್ದಾಪುರಕ್ಕೆ ಬರುವಾಗ ಎರಡು ಟರ್ನ್‌ಟೇಬಲ್, ಒಂದು ಮಿಕ್ಸರ್, ಒಂದು ಟ್ರಂಕು ರೆಕಾರ್ಡು ತಂದಿದ್ದ.

ನಮ್ಮ ಕಡೆ ಡಿಜೆ ಎಂದರೆ ಗಣಪತಿ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಪೇರಿಸಿದ ಬಾಕ್ಸುಗಳು. ಎದೆ ನಡುಗಿಸುವುದೇ ಅದರ ವಿದ್ಯೆ ಎಂದು ನಾನೂ ತಿಳಿದಿದ್ದೆ. ಅವನು ನಕ್ಕ. "ಒಂದು ಹಾಡು ಮುಗಿದು ಇನ್ನೊಂದು ಶುರು ಆಗಿದ್ದು ಕುಣಿಯೋರ ಕಾಲಿಗೆ ಗೊತ್ತಾಗಬಾರ್ದು ನೋಡ್ರಿ ಸರ್, ಅದಽ ವಿದ್ಯೆ" ಎಂದ.

1970ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಫ್ರಾನ್ಸಿಸ್ ಗ್ರಾಸೊ ಎಂಬಾತ ಈ ಕೆಲಸಕ್ಕೆ ಹೆಸರಾಗಿದ್ದ. 1972ರಲ್ಲಿ ಜಪಾನಿನ ಮತ್ಸುಶಿತ ಕಂಪನಿ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಯಂತ್ರ ತಂದಿತು. ಬೆಲ್ಟ್ ಇಲ್ಲ, ಮೋಟರಿನ ಮೇಲೇ ತಟ್ಟೆ. 1979ರ ಮಾದರಿಯಲ್ಲಿ ವೇಗವನ್ನು ಶೇಕಡಾ 8ರವರೆಗೆ ಏರಿಸಿ ಇಳಿಸುವ ಜಾರುಗುಂಡಿ ಬಂತು. 2010ರಲ್ಲಿ ನಿಂತಿದ್ದ ಇದರ ತಯಾರಿಕೆ 2016ರಲ್ಲಿ ಮತ್ತೆ ಶುರುವಾಯಿತು.

ಕೆಲಸ ಹೀಗೆ. ಒಂದು ರೆಕಾರ್ಡು ಸ್ಪೀಕರಿನಲ್ಲಿ ಹಾಡುತ್ತಿರುತ್ತದೆ. ಎರಡನೆಯದು ಹೆಡ್‌ಫೋನಿನಲ್ಲಿ, ಒಂದೇ ಕಿವಿಗೆ. ಕೆಳಗೆ ತಟ್ಟೆ ತಿರುಗುತ್ತಿದ್ದರೂ ರೆಕಾರ್ಡನ್ನು ಬೆರಳಿನಿಂದ ಹಿಡಿದಿರಬೇಕು; ನಡುವಿನ ನುಣುಪು ಬಟ್ಟೆ ಜಾರಲು ಬಿಡುತ್ತದೆ. ಮೊದಲನೆಯದರ ಪೆಟ್ಟು ಬಿದ್ದ ಗಳಿಗೆಗೆ ಬಿಡಬೇಕು. ಬಿಟ್ಟೆ. ಎರಡೂ ಕೂಡಿದವು. ನಾನು ಹಿಗ್ಗುವಷ್ಟರಲ್ಲಿ ಚೆದುರಿದವು.

ಯಾಕೆ? ಒಂದು ಹಾಡಿನಲ್ಲಿ ನಿಮಿಷಕ್ಕೆ 120 ಪೆಟ್ಟು, ಇನ್ನೊಂದರಲ್ಲಿ 121 ಎನ್ನಿ. ಆರಂಭದಲ್ಲಿ ವ್ಯತ್ಯಾಸ ತಿಳಿಯದು. ಅರ್ಧ ನಿಮಿಷಕ್ಕೆ ಒಂದರ ಪೆಟ್ಟು ಇನ್ನೊಂದರ ಎರಡು ಪೆಟ್ಟಿನ ಸರಿ ನಡುವೆ ಬೀಳುತ್ತದೆ, ಟಾಂಗಾದ ಕುದುರೆ ಎಡವಿದ ಹಾಗೆ. ಒಂದು ನಿಮಿಷಕ್ಕೆ ಮತ್ತೆ ಕೂಡುತ್ತವೆ, ಆದರೆ ಒಂದು ಪೂರಾ ಪೆಟ್ಟು ಮುಂದೆ. ಕೂಡಲೇ ಹೊಳೆಯಿತು: ಇದು ವಿಸ್ಪಂದ! 256 ಮತ್ತು 260 ಆವೃತ್ತಿಯ ಎರಡು ಶ್ರುತಿಕವೆ ಬಡಿದರೆ ಸದ್ದು ಸೆಕೆಂಡಿಗೆ 4 ಸಲ ಉಬ್ಬಿ ತಗ್ಗುತ್ತದೆ, ವ್ಯತ್ಯಾಸವೇ ಉತ್ತರ. ಇಲ್ಲೂ ಅದೇ ಸೂತ್ರ, ಸೆಕೆಂಡಿನ ಜಾಗದಲ್ಲಿ ನಿಮಿಷ. ಮೂವತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತ ಬಂದದ್ದನ್ನು ಮೊದಲ ಸಲ ಬೆರಳ ತುದಿಯಲ್ಲಿ ಕಂಡೆ.

ಆದರೆ ಸೂತ್ರ ಗೊತ್ತಿದ್ದರೆ ಕೈ ಕೂಡುವುದಿಲ್ಲ. ಪೆಟ್ಟು ಚೆದುರಿದ್ದು ಕೇಳುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಎಂಬುದೇ ತಿಳಿಯದು. ಅದಕ್ಕೆ ಅವನು ಹೇಳಿದ ಉಪಾಯ: ಸಂದೇಹ ಬಂದರೆ ತಟ್ಟೆಯ ಅಂಚಿಗೆ ಬೆರಳು ಸೋಕಿಸಿ ಕೊಂಚ ತಡೆ. ಇನ್ನಷ್ಟು ಕೆಟ್ಟರೆ ಹಿಂದಿದ್ದದ್ದು ಅದೇ. ಈಗ ಮುಂದಕ್ಕೆ ತಳ್ಳು. ಹೀಗೆ ಪೆಟ್ಟು ಕೂಡಿಸಿಕೊಂಡ ಮೇಲೆ ಜಾರುಗುಂಡಿಯಿಂದ ವೇಗ ಸರಿಪಡಿಸಬೇಕು. ಬೆರಳಿನದು ಆ ಗಳಿಗೆಯ ರಿಪೇರಿ, ಗುಂಡಿಯದು ಕಾಯಂ. ಗುಂಡಿ ಬಹಳ ಏರಿಸುವಂತಿಲ್ಲ. ಶೇಕಡಾ 6 ಏರಿಸಿದರೆ ಶ್ರುತಿ ಹಾರ್ಮೋನಿಯಮ್ಮಿನ ಒಂದು ಮನೆ ಮೇಲೇರಿ, ಹಾಡುವವರ ದನಿ ಬದಲಾಗುತ್ತದೆ.

ನನ್ನ ಹಳೆಯ ಸಿನಿಮಾ ರೆಕಾರ್ಡು ಒಯ್ದು ಕೊಟ್ಟೆ. ಅದು ಅವನ ಕೈಗೂ ಜಗ್ಗಲಿಲ್ಲ. ಅದರಲ್ಲಿ ಢೋಲಕ ಬಾರಿಸಿದವ ಮನುಷ್ಯ. ಚರಣಕ್ಕೆ ಬಂದಾಗ ತುಸು ಓಡುತ್ತಾನೆ, ಪಲ್ಲವಿಗೆ ಮರಳಿ ತಡೆಯುತ್ತಾನೆ. ಕಲಿಯುವವರು ಯಂತ್ರದ ತಾಳವಿರುವ ರೆಕಾರ್ಡಿನಿಂದಲೇ ಶುರುಮಾಡಬೇಕಂತೆ.

ಈಗ ಕಂಪ್ಯೂಟರಿನಲ್ಲಿ ಒಂದು ಬಟನ್ ಒತ್ತಿದರೆ ತಾನೇ ಹೊಂದಿಸುತ್ತದೆ. ಮದುವೆಗಳಲ್ಲಿ ತಾನೂ ಅದನ್ನೇ ಒತ್ತುತ್ತೇನೆ ಎಂದು ಹುಡುಗ ಮುಚ್ಚುಮರೆಯಿಲ್ಲದೆ ಹೇಳಿದ. ತಪ್ಪೇನಿಲ್ಲ. ಮಾರ್ಕ್ಸ್ ಕೂಡಿಸಲು ನಾನೂ ಕ್ಯಾಲ್ಕುಲೇಟರ್ ಒತ್ತುತ್ತೇನೆ. ಆದರೆ ಕೂಡಿಸಿದ್ದು ತಪ್ಪಿದ್ದರೆ ಕಣ್ಣಿಗೆ ಗೊತ್ತಾಗುತ್ತದೆ, ಯಾಕೆಂದರೆ ಒಂದು ಕಾಲಕ್ಕೆ ಕೈಯಿಂದ ಕೂಡಿಸಿದ್ದೆ.

ಐದನೆಯ ದಿನ ಎರಡು ರೆಕಾರ್ಡು ನನ್ನ ಕೈಯಲ್ಲಿ ಸುಮಾರು ಎರಡು ನಿಮಿಷ ಜೊತೆಗೆ ನಡೆದವು. ಬೆವರು ಒರೆಸಿಕೊಳ್ಳುತ್ತ, ಇದನ್ನು ನಿನಗೆ ಮೊದಲು ಕಲಿಸಿದವರು ಯಾರಪ್ಪಾ ಎಂದು ಕೇಳಿದೆ.

"ನೀವಽ ರೀ ಸರ್. ಹೊರಗ ನಿಂದ್ರಿಸ್ತಿದ್ರಲ್ಲ, ಆ ಕಡೆ ಒಂದನೇ ಕ್ಲಾಸಿನವ್ರು, ಈ ಕಡೆ ಎರಡನೇ ಕ್ಲಾಸಿನವ್ರು ಮಗ್ಗಿ ಒದರ್ತಿದ್ರು. ಎರಡೂ ಯಾವಾಗ ಕೂಡ್ತಾವು ಅಂತ ಕೇಳ್ಕೋತ ನಿಂದಿರ್ತಿದ್ದೆ."

ಕೂಡುತ್ತಿದ್ದವೇ ಎಂದೆ.

"ಒಮ್ಮೊಮ್ಮೆ ಕೂಡ್ತಿದ್ವು ರೀ. ಆದ್ರ ಏಳರ ಮಗ್ಗಿ ಬಂತಂದ್ರ ಎರಡನೇ ಕ್ಲಾಸಿನವ್ರು ನಿಧಾನ ಆಗಿಬಿಡ್ತಿದ್ರು."