ಗಾಡಿ ಕೊಳ್ಳುವ ಮುಂಚೆ



ಕಡಲಿ, ಹೆಸರು ಮಾರಿದ ದುಡ್ಡು ಕೈಗೆ ಬಂತೆಂದರೆ ನಮ್ಮ ಯಾವಗಲ್ಲಿನ ಮನೆಗಳಲ್ಲಿ ಹೊಸ ಗಾಡಿಯ ಮಾತು ಶುರು. ಅಂಗಡಿಯವರು ಕೊಡುವ ಚೀಟಿಯಲ್ಲಿ ಬೆಲೆ, ತೆರಿಗೆ, ನೋಂದಣಿ, ವಿಮೆಯ ಕೆಳಗೆ 'ಹ್ಯಾಂಡ್ಲಿಂಗ್ ಚಾರ್ಜ್' ಅಂತ ಸಾಲೊಂದಿದ್ದರೆ ಅಲ್ಲೇ ತಡೆಯಿರಿ. ಅದು ಸರ್ಕಾರಕ್ಕೆ ಹೋಗುವ ಹಣವಲ್ಲ. "ಇದು ಯಾತಕ್ಕರೀ? ತೆಗೀರಿ" ಅಂತ ಕೇಳಲು ನಾಚಿಕೆ ಬೇಡ.

ಹೊಸ ಬೈಕಿಗೆ 5 ವರ್ಷದ, ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರಿನಲ್ಲಿ ಕಡ್ಡಾಯವಾಯಿತು, ನಿಜ. ಆದರೆ ಅದನ್ನು ಅವರಲ್ಲೇ ಮಾಡಿಸಬೇಕೆಂದಿಲ್ಲ. ನಾಲ್ಕು ಕಡೆ ವಿಚಾರಿಸಿರಿ.

ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಮೋಸವೆನಿಸಿದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನು ಮಾಡಿರಿ. ಗದಗಿನ ಗ್ರಾಹಕರ ಆಯೋಗಕ್ಕೂ ಹೋಗಬಹುದು. 5 ಲಕ್ಷದೊಳಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ಕಾಯಿಪಲ್ಲೆಗೆ ಎರಡು ರೂಪಾಯಿ ಚೌಕಾಶಿ ಮಾಡುವ ನಾವು ಸಾವಿರಗಳ ಮುಂದೆ ಸುಮ್ಮನಿರುವುದು ಯಾವ ಜಾಣತನ?