ಸನ್ಮಾನದ ನಡುವೆ ಒಂದಿಷ್ಟು ಆಟ

ಹೊರನಾಡಿನ ಕನ್ನಡ ಸಂಘದ ಯಾವುದಾದರೂ ಒಂದು ಆಮಂತ್ರಣ ಪತ್ರಿಕೆಯನ್ನು ತೆಗೆದು ನೋಡಿ. ಈಗ ಅದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ, ರೂಪ ಮಾತ್ರ ಹಳೆಯದೇ. ಮೇಲೆ ದೇವರ ಚಿತ್ರ. ಅದರ ಕೆಳಗೆ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಗೌರವ ಅತಿಥಿಗಳು, ವಿಶೇಷ ಆಹ್ವಾನಿತರು. ಪ್ರತಿಯೊಬ್ಬರದೂ ಪಾಸ್‌ಪೋರ್ಟ್ ಅಳತೆಯ ಫೋಟೋ. ಸನ್ಮಾನಿತರ ಪಟ್ಟಿ ಬೇರೆ. ಎಲ್ಲಕ್ಕಿಂತ ಕೆಳಗೆ ಒಂದು ಸಣ್ಣ ಸಾಲು: ಸಭಾ ಕಾರ್ಯಕ್ರಮದ ನಂತರ ಯಕ್ಷಗಾನ ಪ್ರದರ್ಶನ. ಭಾಗವತರ ಹೆಸರಿಲ್ಲ. ಮದ್ದಳೆ, ಚೆಂಡೆಯವರ ಹೆಸರಿಲ್ಲ. ಕೆಲವೊಮ್ಮೆ ಪ್ರಸಂಗದ ಹೆಸರೂ ಇರುವುದಿಲ್ಲ. ಊಟದ ವ್ಯವಸ್ಥೆ ಇದೆ ಎಂಬುದು ಮಾತ್ರ ದಪ್ಪ ಅಕ್ಷರದಲ್ಲಿ ಇರುತ್ತದೆ.

ಹೊರನಾಡಿನಲ್ಲಿ ನಮ್ಮ ಆಟ, ನಾಟಕಗಳು ಸೋಲುವುದು ಈ ಪತ್ರಿಕೆಯಲ್ಲೇ ಎಂಬುದು ನನ್ನ ವಾದ. ಕಲಾವಿದರು ರಂಗಕ್ಕೆ ಬರುವ ಮೊದಲೇ ಸೋಲು ನಿಶ್ಚಯವಾಗಿರುತ್ತದೆ. ‘ಕನ್ನಡ ಕಾರ್ಯಕ್ರಮಕ್ಕೆ ಜನ ಬರೋದಿಲ್ಲ’, ‘ಈಗಿನ ಮಕ್ಕಳಿಗೆ ಆಸಕ್ತಿ ಇಲ್ಲ’ ಎಂದು ವರ್ಷವಿಡೀ ಗೊಣಗುತ್ತೇವೆ. ಜನ ಬಂದಾಗ ಅವರಿಗೆ ಏನು ಕೊಟ್ಟೆವು ಎಂದು ಕೇಳಿಕೊಳ್ಳುವುದಿಲ್ಲ.

ಐದಕ್ಕೆ ಎಂದು ಕರೆದ ಕಾರ್ಯಕ್ರಮ ಐದೂ ಮುಕ್ಕಾಲಿಗೆ ಶುರು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವಿಕೆ, ಪ್ರಾಸ್ತಾವಿಕ. ಆಮೇಲೆ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಫೋಟೋ. ಒಬ್ಬರಿಗೆ ಐದು ನಿಮಿಷ ಎಂದರೂ ಹನ್ನೆರಡು ಜನಕ್ಕೆ ಒಂದು ಗಂಟೆ. ಸನ್ಮಾನಿತರ ಪರವಾಗಿ ಒಬ್ಬರು ‘ಎರಡೇ ಮಾತು’ ಎಂದು ಮೈಕ್ ಹಿಡಿದರೆ ಇಪ್ಪತ್ತು ನಿಮಿಷ. ಎಂಟು ಗಂಟೆಗೆ ಕಾರ್ಯದರ್ಶಿಗಳು ಚೌಕಿಗೆ ಬಂದು ಹೇಳುವ ಮಾತು ಎಲ್ಲ ಕಲಾವಿದರಿಗೂ ಬಾಯಿಪಾಠ: ‘ಸ್ವಲ್ಪ ಚುರುಕು ಮಾಡಿ, ಹತ್ತಕ್ಕೆ ಹಾಲ್ ಬಿಡಬೇಕು.’

ಚೌಕಿಯಲ್ಲಿ ಆಗ ಏನಾಗಿರುತ್ತದೆ? ಬಣ್ಣದ ವೇಷದವರು ಮಧ್ಯಾಹ್ನದಿಂದ ಕೂತು ಮುಖದ ಮೇಲೆ ಚಿಟ್ಟಿ ಇಟ್ಟುಕೊಂಡಿರುತ್ತಾರೆ. ಅದು ಗಂಟೆಗಟ್ಟಲೆಯ ಕೆಲಸ. ಕಿರೀಟ, ಭುಜಕೀರ್ತಿ, ಎದೆಪದಕ ಕಟ್ಟಿದ ಮೇಲೆ ಕೂರಲೂ ಆಗದು, ಒರಗಲೂ ಆಗದು. ಬೆವರಿಗೆ ಬಣ್ಣ ಕರಗುತ್ತಿರುತ್ತದೆ. ಪತ್ತನಾಜೆಗೆ ಗೆಜ್ಜೆ ಬಿಚ್ಚಿ, ಮಳೆಗಾಲದಲ್ಲಿ ನಾಲ್ಕು ಕಾಸು ಸಂಪಾದಿಸಲೆಂದು ಕರಾವಳಿಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಮುಂಬೈಗೆ ಬಂದವರು ಅವರು. ಹೊರಗೆ ಅದೇ ಹೊತ್ತಿನಲ್ಲಿ ‘ಕಲೆ ಮತ್ತು ಕಲಾವಿದರನ್ನು ಗೌರವಿಸುವುದು ನಮ್ಮ ಸಂಸ್ಕೃತಿ’ ಎಂಬ ಭಾಷಣ ನಡೆದಿರುತ್ತದೆ.

ಇಡೀ ರಾತ್ರಿಯ ಆಟವನ್ನು ನಗರಕ್ಕಾಗಿ ಎರಡೂವರೆ, ಮೂರು ಗಂಟೆಗೆ ಇಳಿಸಿ ‘ಕಾಲಮಿತಿ’ ಮಾಡಿದ್ದು ನಮ್ಮ ಕಾಲದ ಒಪ್ಪಂದ. ಅದರ ಬಗ್ಗೆ ನನ್ನ ತಕರಾರಿಲ್ಲ. ಒಳ್ಳೆಯ ಮೇಳ ಅಷ್ಟರಲ್ಲೇ ಪ್ರಸಂಗದ ತಿರುಳನ್ನು ಕೊಡಬಲ್ಲದು. ಆದರೆ ಆ ಮೂರು ಗಂಟೆಯನ್ನು ಒಂದೂವರೆ ಗಂಟೆಗೆ ಕತ್ತರಿಸಿದಾಗ ಹೋಗುವುದೇನು? ಮೊದಲು ಒಡ್ಡೋಲಗ ಹೋಗುತ್ತದೆ. ಪಾತ್ರ ಯಾರು, ಅದರ ತೂಕವೆಷ್ಟು ಎಂದು ಮಾತಿಲ್ಲದೆ ತಿಳಿಸುವ ಭಾಗ ಅದು. ಆಮೇಲೆ ನಿಧಾನಗತಿಯ ಪದ್ಯಗಳು ಹೋಗುತ್ತವೆ. ಬಳಿಕ ಅರ್ಥಗಾರಿಕೆ, ಅಂದರೆ ಇಬ್ಬರು ಬಲ್ಲವರು ಪುರಾಣವನ್ನು ಎದುರುಬದುರು ನಿಲ್ಲಿಸಿ ತರ್ಕಿಸುವ ಜಾಗ. ಉಳಿಯುವುದು ಕುಣಿತ, ಗಿರಕಿ, ಯುದ್ಧ. ಅದನ್ನು ನೋಡಿದ ಹೊಸಬರು ‘ಯಕ್ಷಗಾನ ಅಂದರೆ ಬಣ್ಣ, ಗದ್ದಲ’ ಎಂದುಕೊಂಡು ಮನೆಗೆ ಹೋಗುತ್ತಾರೆ. ಅವರ ತಪ್ಪೇನಿದೆ? ನಾವು ತೋರಿಸಿದ್ದೇ ಅಷ್ಟು.

ಎದುರೆದುರಿನ ಪ್ರದರ್ಶನ ಗೆಲ್ಲುವುದು ಹೇಗೆ ಎಂಬುದು ನಿಗೂಢವೇನಲ್ಲ. ಯಕ್ಷಗಾನದ ಭಾಗವತ ರಂಗದ ಮೇಲೇ ಕೂತ ನಿರ್ದೇಶಕ. ಸಭೆಯ ಉಸಿರನ್ನು ನೋಡಿ ಪದ್ಯವನ್ನು ಎಳೆಯುತ್ತಾನೆ, ಏರಿಸುತ್ತಾನೆ, ಬಿಡುತ್ತಾನೆ. ತಾಳಮದ್ದಳೆಯ ಅರ್ಥಧಾರಿಯೂ ಅಷ್ಟೆ. ಮುಂದಿನ ಸಾಲಿನಲ್ಲಿ ಒಬ್ಬ ರಸಿಕ ತಲೆದೂಗಿದರೆ ಮಾತು ಇನ್ನೊಂದು ಮಜಲಿಗೆ ಏರುತ್ತದೆ. ಅದು ಬರೆದಿಟ್ಟ ಮಾತಲ್ಲ, ಆ ಹೊತ್ತಿಗೆ ಹುಟ್ಟುವ ಮಾತು. ಪ್ರೇಕ್ಷಕ ಇಲ್ಲಿ ಅರ್ಧ ಕೆಲಸ ಮಾಡುತ್ತಾನೆ.

ಈಗ ನಮ್ಮ ಸಭಾಂಗಣವನ್ನು ನೋಡಿ. ಮುಂದಿನ ಎರಡು ಸಾಲು ಗಣ್ಯರ ಸೋಫಾ. ಸನ್ಮಾನ ಮುಗಿಯುತ್ತಲೇ ಗಣ್ಯರು ‘ಇನ್ನೊಂದು ಕಾರ್ಯಕ್ರಮ ಇದೆ’ ಎಂದು ಹೊರಟಿರುತ್ತಾರೆ. ಭಾಗವತರು ಹಾಡುವುದು ಖಾಲಿ ಸೋಫಾಗಳಿಗೆ. ರಸಿಕರು ಹನ್ನೆರಡನೇ ಸಾಲಿನಲ್ಲಿ, ನಡುವೆ ವಿಡಿಯೋದವನ ಸ್ಟ್ಯಾಂಡ್. ಮದುವೆ ಆರತಕ್ಷತೆಗೆ ಬರುವ ಸೌಂಡ್‌ನವನನ್ನೇ ಇಲ್ಲಿಗೂ ಕರೆಸಿರುತ್ತಾರೆ. ಬಯಲಿನಲ್ಲಿ ಹರದಾರಿ ದೂರಕ್ಕೆ ಕೇಳುವ ಚೆಂಡೆಗೆ ಮುಚ್ಚಿದ ಹಾಲ್‌ನಲ್ಲೂ ಆತ ಮೈಕ್ ಇಟ್ಟು ಏರಿಸುತ್ತಾನೆ, ಭಾಗವತರ ಸಾಹಿತ್ಯ ಅದರಡಿ ಮುಳುಗುತ್ತದೆ. ಮಾತೇ ಕೇಳದಿದ್ದರೆ ಎರಡನೇ ತಲೆಮಾರಿನ ಮಗುವಿಗೆ ಕನ್ನಡ ಅರ್ಥವಾಗುವುದು ಎಲ್ಲಿಂದ? ಇದನ್ನೆಲ್ಲ ಸರಿಪಡಿಸಲು ಲಕ್ಷ ರೂಪಾಯಿ ಬೇಡ. ಸೋಫಾ ತೆಗೆದು ಮೊದಲು ಬಂದವರನ್ನು ಮುಂದೆ ಕೂರಿಸಿದರೆ ಸಾಕು. ಮಧ್ಯಾಹ್ನ ಅರ್ಧ ಗಂಟೆ ಭಾಗವತರನ್ನೂ ಸೌಂಡ್‌ನವನನ್ನೂ ಎದುರುಬದುರು ಕೂರಿಸಿದರೆ ಸಾಕು.

ಇನ್ನು ಉಚಿತ ಪ್ರವೇಶದ ಮಾತು. ಎಲ್ಲರೂ ಹೇಳುವುದು ಒಂದೇ: ಟಿಕೆಟ್ ಇಟ್ಟರೆ ಕನ್ನಡಿಗರು ಬರುವುದಿಲ್ಲ. ಆದರೆ ಅದೇ ಕನ್ನಡಿಗರು ದಾದರಿನ ಶಿವಾಜಿ ಮಂದಿರದಲ್ಲಿ, ಪುಣೆಯ ಬಾಲಗಂಧರ್ವ ರಂಗಮಂದಿರದಲ್ಲಿ ಮರಾಠಿ ನಾಟಕಕ್ಕೆ ದುಡ್ಡು ಕೊಟ್ಟು ಕೂರುತ್ತಾರೆ. ಅಲ್ಲಿ ಮೂರನೇ ಗಂಟೆ ಹೊಡೆದರೆ ಪರದೆ ಏಳುತ್ತದೆ. ಮಧ್ಯಂತರದಲ್ಲಿ ಬಟಾಟೆ ವಡೆ ತಿಂದು ಮರಳಿ ಸೀಟಿಗೆ ಬರುತ್ತಾರೆ. ಚೆನ್ನೈಯ ಮಾರ್ಗಶಿರದ ಸಭೆಗಳಲ್ಲಿ ಹಗಲಿನ ಎಷ್ಟೋ ಕಛೇರಿಗಳು ಉಚಿತ, ಸಂಜೆಯ ಹಿರಿಯರ ಕಛೇರಿಗೆ ಟಿಕೆಟ್. ಎರಡೂ ಗಡಿಯಾರ ನೋಡಿ ನಡೆಯುತ್ತವೆ.

ಮರಾಠಿಯ ಮಾತು ಬಂದಾಗ ಒಂದು ಚರಿತ್ರೆಯನ್ನು ನೆನೆಯಬೇಕು. ಕರ್ನಾಟಕದಿಂದ ಬಂದ ಭಾಗವತ ಮೇಳವೊಂದರ ಆಟ ನೋಡಿ ಮೆಚ್ಚಿದ ಸಾಂಗ್ಲಿಯ ದೊರೆ, ಅಂಥದೊಂದನ್ನು ಮರಾಠಿಯಲ್ಲಿ ಮಾಡೆಂದು ವಿಷ್ಣುದಾಸ ಭಾವೆಗೆ ಹೇಳಿದ. 1843ರಲ್ಲಿ ಬಂದ ಅವರ ‘ಸೀತಾ ಸ್ವಯಂವರ’ದಿಂದ ಮರಾಠಿ ರಂಗಭೂಮಿ ತನ್ನ ಆರಂಭವನ್ನು ಎಣಿಸುತ್ತದೆ. ನಮ್ಮ ಆಟ ನೋಡಿ ಶುರು ಮಾಡಿದವರು ಟಿಕೆಟ್ ಕೊಂಡು, ಹೊತ್ತಿಗೆ ಬಂದು ಕೂರುವ ಪ್ರೇಕ್ಷಕರನ್ನು ಬೆಳೆಸಿಕೊಂಡರು. ನಾವು ಅದೇ ಊರುಗಳಲ್ಲಿ ಶಾಲು ಹಂಚುತ್ತಿದ್ದೇವೆ.

ಇದು ಕನ್ನಡಿಗರ ಜಾಯಮಾನವೇ ಅಲ್ಲ ಎನ್ನುವವರಿಗೆ ಉತ್ತರ ಕರ್ನಾಟಕದಲ್ಲೇ ಇದೆ. ಗುಬ್ಬಿ ವೀರಣ್ಣನವರ ಕಂಪನಿ ಟಿಕೆಟ್ ಮಾರಿಯೇ ಬದುಕಿತು. ಕರಾವಳಿಯ ಡೇರೆ ಮೇಳಗಳೂ ಹಾಗೆಯೇ. ನೀನಾಸಂ ತಿರುಗಾಟ 1985ರಿಂದ ತನ್ನ ರಂಗಸಜ್ಜಿಕೆ ಹೊತ್ತು ಊರೂರು ಸುತ್ತುತ್ತಿದೆ. 2004ರಲ್ಲಿ ತೆರೆದ ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಂದವರಿಗೆ ಬಾಗಿಲಿಲ್ಲ. ಮೊದಮೊದಲು ಜನ ಸಿಡುಕಿದರು, ಆಮೇಲೆ ಹತ್ತು ನಿಮಿಷ ಮೊದಲೇ ಬರುವುದನ್ನು ಕಲಿತರು.

ಸಂಘದವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಹಾಲ್ ಬಾಡಿಗೆ, ಮೇಳದ ಸಂಭಾವನೆ, ಪ್ರಯಾಣ, ಊಟ ಎಲ್ಲಕ್ಕೂ ಹಣ ಬೇಕು. ಕೊಡುವವರು ದಾನಿಗಳು, ಅವರಿಗೆ ವೇದಿಕೆ ಬೇಕು. ಶಾಲು ಎಂದರೆ ಒಂದು ರೀತಿಯ ರಸೀದಿ. ಹೋಟೆಲ್‌ನಲ್ಲಿ ದುಡಿದು ಮೇಲೆ ಬಂದ ಹಿರಿಯರೊಬ್ಬರು ತಮ್ಮವರ ಮುಂದೆ ಒಂದು ದಿನ ಗೌರವ ಪಡೆಯಲಿ ಎಂಬ ಆಸೆಯಲ್ಲಿ ತಪ್ಪೂ ಇಲ್ಲ. ಪರವೂರಿನಲ್ಲಿ ಸಂಘ ಎಂದರೆ ಕಲೆಯಷ್ಟೇ ಅಲ್ಲ. ವರ್ಷಕ್ಕೊಮ್ಮೆ ಸೇರಿ ‘ಹೇಗಿದ್ದೀರಿ’ ಎಂದು ಕೇಳುವ ಜಾಗ. ಅದೂ ಬೇಕು.

ಹಾಗಾದರೆ ಅದಕ್ಕೆ ಅದರದೇ ದಿನ ಕೊಡಿ. ವಾರ್ಷಿಕೋತ್ಸವ ಮಾಡಿ, ಮನಸಾರೆ ಸನ್ಮಾನಿಸಿ, ಹೋಳಿಗೆ ಊಟ ಹಾಕಿ. ಆಟದ ದಿನ ಆಟ ಮಾತ್ರ. ದಾನಿಗಳ ಹೆಸರು ಪತ್ರಿಕೆಯಲ್ಲಿರಲಿ, ಬಾಗಿಲ ಬಳಿಯ ಫಲಕದಲ್ಲಿರಲಿ. ಇನ್ನೂರು ರೂಪಾಯಿಯ ಟಿಕೆಟ್ ಇಟ್ಟು ಮುನ್ನೂರು ಜನ ಬಂದರೆ ಅರವತ್ತು ಸಾವಿರ. ಖರ್ಚೆಲ್ಲ ಅದರಿಂದ ಹುಟ್ಟದಿರಬಹುದು, ಆದರೆ ಒಬ್ಬ ದಾನಿಯ ಭಾಷಣದಷ್ಟಾದರೂ ಹುಟ್ಟುತ್ತದೆ. ದುಡ್ಡು ಕೊಡಲಾಗದವರಿಗೆ, ವಿದ್ಯಾರ್ಥಿಗಳಿಗೆ ಕೆಲವು ಸೀಟು ಬಿಡಿ. ಟಿಕೆಟ್ ಕೊಂಡವನು ಊಟದ ಸಾಲಿಗೆಂದು ನಡುವೆ ಏಳುವುದಿಲ್ಲ. ಆಟ ಕೆಟ್ಟರೆ ಕಾರ್ಯದರ್ಶಿಯನ್ನು ಹಿಡಿದು ಕೇಳುತ್ತಾನೆ. ಆ ಕೇಳುವ ಹಕ್ಕೇ ಮುಂದಿನ ಆಟವನ್ನು ಉತ್ತಮಗೊಳಿಸುತ್ತದೆ.

ಪಣಕ್ಕಿರುವುದು ಒಂದು ಸಂಜೆಯಲ್ಲ. ಥಾಣೆಯಲ್ಲೋ ಗುರುಗ್ರಾಮದಲ್ಲೋ ಹುಟ್ಟಿದ ಹತ್ತು ವರ್ಷದ ಮಗುವಿಗೆ ಮನೆಯ ಹೊರಗೆ ಕನ್ನಡ ಕಿವಿಗೆ ಬೀಳುವ ಜಾಗಗಳು ಎಷ್ಟಿವೆ? ಬೆರಳೆಣಿಕೆ. ಅದರಲ್ಲೊಂದು ಈ ಸಭಾಂಗಣ. ಮೊದಲ ಸಲ ಬಂದ ಮಗು ಎರಡು ಗಂಟೆ ಶಾಲು ಹೊದಿಸುವುದನ್ನು ನೋಡಿ, ಅಪ್ಪನ ಫೋನ್ ಕೇಳಿ, ಆಟ ಶುರುವಾಗುವ ಹೊತ್ತಿಗೆ ನಿದ್ದೆ ಹೋಗಿರುತ್ತದೆ. ಮುಂದಿನ ವರ್ಷ ‘ನಾನು ಬರಲ್ಲ’ ಎನ್ನುತ್ತದೆ. ಅದೇ ಮಗುವಿನ ಮುಂದೆ ಆರು ಗಂಟೆಗೆ ಸರಿಯಾಗಿ, ಕತ್ತಲ ಹಾಲ್‌ನಲ್ಲಿ, ಮೂರನೇ ಸಾಲಿನಿಂದ ಕಾಣುವಂತೆ ಒಂದು ಬಣ್ಣದ ವೇಷ ಅಬ್ಬರಿಸುತ್ತ ಬಂದಿದ್ದರೆ ಭಾಷೆ ಕಲಿಸುವ ಅರ್ಧ ಕೆಲಸ ಆ ರಾಕ್ಷಸನೇ ಮಾಡಿಬಿಡುತ್ತಿದ್ದ.

ಓದುಗರೇ, ಮುಂದಿನ ಆಮಂತ್ರಣ ಬಂದಾಗ ಅದರಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಮೂರು ಪ್ರಶ್ನೆ ಕೇಳಿ. ಭಾಗವತರು ಯಾರು? ಆಟ ಎಷ್ಟು ಗಂಟೆಗೆ ಶುರು, ಸಭೆಯಲ್ಲ, ಆಟ? ಟಿಕೆಟ್ ಎಲ್ಲಿ ಸಿಗುತ್ತದೆ? ಮೂರನೆಯದನ್ನು ಕೇಳಿದಾಗ ಆ ಕಡೆಯವರು ‘ಅಯ್ಯೋ, ಫ್ರೀ ಸ್ವಾಮಿ, ಬನ್ನಿ’ ಎನ್ನುತ್ತಾರೆ. ‘ದುಡ್ಡು ಕೊಡ್ತೀನಿ, ಸನ್ಮಾನ ಇಲ್ಲದ ದಿನ ಕರೀರಿ’ ಎಂದು ಹೇಳಿ. ಹತ್ತು ಜನ ಹೀಗೆ ಹೇಳಿದರೆ ನಗುತ್ತಾರೆ. ನೂರು ಜನ ಹೇಳಿದರೆ ಕಾರ್ಯಕಾರಿ ಸಮಿತಿ ಸಭೆ ಕರೆಯುತ್ತದೆ.