ನೆಲೆಯಿತ್ತುದು ಅನ್ಯಾಯವೆ?

ಮಂಡ್ಯ, ಮದ್ದೂರು, ಮಳವಳ್ಳಿಗಳ ಭೂಹೀನರನ್ನು ಮರೆತು ಸರ್ಕಾರವು ಟಿಬೆಟಿನ ನಿರಾಶ್ರಿತರಿಗೆ ನೆಲವನ್ನೂ ಮನೆಯನ್ನೂ ದಾನಮಾಡಿತೆಂಬುದು ಮೊನ್ನೆ ಪ್ರಕಟವಾದ ಲೇಖನದ ವಾದ. ಭೂಹೀನರ ಸಂಕಟ ಸತ್ಯ. ಅದಕ್ಕೆ ಆರೋಪಿಸಿದ ಕಾರಣ ಮಾತ್ರ ಅಸತ್ಯ.

ಮೊದಲನೆಯದಾಗಿ, 1960ರಲ್ಲಿ ಬೈಲುಕುಪ್ಪೆಯಲ್ಲಿ ಟಿಬೆಟಿನವರಿಗೆ ದೊರೆತುದು ದಾನವಲ್ಲ, ಗುತ್ತಿಗೆಯ ಅರಣ್ಯಭೂಮಿ. ಆ ಅಡವಿಯನ್ನು ಕಡಿದು ಹೊಲವಾಗಿಸಿದವರು ಅವರೇ. ಎರಡನೆಯದಾಗಿ, ಬೈಲುಕುಪ್ಪೆಯಾಗಲಿ, 1974ರಲ್ಲಿ ಮಳವಳ್ಳಿಯ ನೆರೆಯ ಕೊಳ್ಳೇಗಾಲ ಸೀಮೆಯಲ್ಲಿ ಆರಂಭವಾದ ಒಡೆಯರಪಾಳ್ಯದ ವಸತಿಯಾಗಲಿ ಮಂಡ್ಯ ಜಿಲ್ಲೆಯಲ್ಲಿಲ್ಲವಾದುದರಿಂದ, ನಮ್ಮ ರೈತನ ಒಂದು ಗುಂಟೆಯೂ ಇದಕ್ಕಾಗಿ ಹೋಗಲಿಲ್ಲ. ಮೂರನೆಯದಾಗಿ, ಕನ್ನಂಬಾಡಿಯ ಕಟ್ಟೆಗಾಗಿ ಊರುಗಳು ಮುಳುಗಿ, ನೆಲೆ ತಪ್ಪಿದವರು ಅನ್ಯತ್ರ ಬದುಕು ಕಟ್ಟಿಕೊಂಡುದರ ಫಲವಾಗಿ ಹಸುರಾದ ಈ ನಾಡು, ಸೈನ್ಯದ ದಾಳಿಗೆ ಸಿಕ್ಕಿ ದೇಶವನ್ನೇ ತೊರೆದು ಬಂದವರಿಗೆ ಸೂರು ಕೊಟ್ಟುದನ್ನು ಅನ್ಯಾಯವೆನ್ನಲಾಗದು.

ಭೂಹೀನರ ಪರವಾಗಿ ಸರ್ಕಾರವನ್ನು ದೃಢವಾಗಿ ಪ್ರಶ್ನಿಸೋಣ. ನಿರಾಶ್ರಿತರನ್ನು ದೂಷಿಸುವುದರಿಂದ ಒಬ್ಬ ಬಡವನಿಗೂ ಭೂಮಿ ದೊರೆಯದು.